ಗೋಡೆ ಕೆಡವುವ ಸುಖ

ಅಮ್ಮ ಕಾಫಿ ಲೋಟ ಮೇಜಿನ ಮೇಲಿಟ್ಟು ಕಂಪ್ಯೂಟರ್ ಪರದೆಯನ್ನೇ ನೋಡುತ್ತ ನಿಂತಳು. "ಯಾರ ಮನೇದೋ ಈ ಪ್ಲ್ಯಾನು?"

ಸತ್ತುಹೋದ ಒಬ್ಬ ಮಾಂತ್ರಿಕನದು ಎಂದೆ.

"ಸತ್ತೋನಿಗೆ ಇಷ್ಟೊಂದು ಕೋಣೆ ಯಾಕೆ? ಒಂದು ಕಿಟಕೀನೂ ಇಟ್ಟಿಲ್ಲ. ಬಾವಿ ಮಾತ್ರ ಸರಿಯಾಗಿ ಈಶಾನ್ಯಕ್ಕೆ ಬಂದಿದೆ."

ಆ ಬಾವಿಯ ತಳದಲ್ಲಿ ಏನು ಕೂತಿದೆ ಎಂಬುದನ್ನು ನಾನು ಹೇಳಲಿಲ್ಲ.

ಇಲ್ಲದ ನೆಲಮಾಳಿಗೆಗಳಿಗೆ ನಕ್ಷೆ ಬರೆಯುವುದು ನನ್ನ ಭಾನುವಾರದ ಚಟ. ಇದರ ಮೂಲ ಅಮೆರಿಕದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಡಂಜನ್ ಎಂದರೆ ನಿಘಂಟಿನಲ್ಲಿ ಕತ್ತಲೆಯ ಸೆರೆಕೋಣೆ. ಆಟದಲ್ಲಿ ಮಾತ್ರ ನಿಧಿ, ಬಲೆ, ಭೂತ ಎಲ್ಲ ಸೇರಿದ ಒಂದು ನೆಲದಡಿಯ ಊರು. ಆಗೆಲ್ಲ ಅದನ್ನು ಗ್ರಾಫ್ ಹಾಳೆಯ ಮೇಲೆ, ಒಂದು ಚೌಕಕ್ಕೆ 10 ಅಡಿ ಲೆಕ್ಕದಲ್ಲಿ, ನೇರ ಮೇಲಿನಿಂದ ಕಂಡಂತೆ ಬರೆಯುತ್ತಿದ್ದರು. ಅಚ್ಚುಕಟ್ಟೇನೋ ಹೌದು. ಆದರೆ ಆ ನಕ್ಷೆಯಲ್ಲಿ ಪಾತಾಳವೂ ಅಟ್ಟವೂ ಒಂದೇ ಮಟ್ಟ.

1983ರಲ್ಲಿ ಇದೇ ಆಟಕ್ಕೆಂದು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಯ 'ರೇವನ್‌ಲಾಫ್ಟ್' ಬಂತು. ರಕ್ತಪಿಶಾಚಿಯೊಬ್ಬನ ಕೋಟೆಯ ಕಥೆ. ಅದಕ್ಕೆ ಡೇವಿಡ್ ಸದರ್ಲೆಂಡ್ ಬರೆದ ನಕ್ಷೆಗಳಲ್ಲಿ ಗೋಪುರ ಎದ್ದು ನಿಂತಿದೆ, ಮೆಟ್ಟಿಲು ಇಳಿದುಹೋಗಿದೆ, ಸಮಾಧಿಗಳು ಅಡಿಯಲ್ಲಿವೆ. ಅದನ್ನು ನೋಡಿದ ದಿನವೇ ನನ್ನ ಚಪ್ಪಟೆ ನಕ್ಷೆಗಳ ಮೇಲೆ ಜಿಗುಪ್ಸೆ ಬಂತು.

ಆ ಬಗೆಯ ಚಿತ್ರಕ್ಕೆ ಐಸೊಮೆಟ್ರಿಕ್ ಎಂದು ಹೆಸರು. ಎಂಜಿನಿಯರಿಂಗ್ ಮೊದಲ ವರ್ಷ ಓದಿದವರಿಗೆ ಈ ಪದ ಕೇಳಿದರೆ ಈಗಲೂ ಕೈ ಬೆವರಬಹುದು. ಡ್ರಾಫ್ಟರ್ ಹೊತ್ತು ಬಸ್ಸು ಹತ್ತಿ, 30 ಡಿಗ್ರಿಯ ಗೆರೆ ಎಳೆದು, ಅಳಿಸಿ, ಹಾಳೆ ತೂತು ಮಾಡಿಕೊಂಡವನು ನಾನು. ಅಂದು ಅಂಕಕ್ಕಾಗಿ ಬರೆದ ಷಟ್ಕೋನದ ಪ್ರಿಸಂ ಇಂದು ನನ್ನ ಮಾಂತ್ರಿಕನ ಸಭಾಂಗಣದಲ್ಲಿ ಕಂಬವಾಗಿ ನಿಂತಿದೆ. ಈ ಪದ್ಧತಿಗೆ ನಿಯಮ ಬರೆದವರು ಕೇಂಬ್ರಿಜ್‌ನ ಪ್ರಾಧ್ಯಾಪಕ ವಿಲಿಯಂ ಫ್ಯಾರಿಶ್, 1822ರಲ್ಲಿ. ಪಾಠಕ್ಕೆ ಬೇಕಾದ ಯಂತ್ರದ ಮಾದರಿಗಳನ್ನು ಅವರು ಪ್ರತಿಸಲವೂ ಬಿಡಿಭಾಗಗಳಿಂದ ಜೋಡಿಸಿಕೊಳ್ಳುತ್ತಿದ್ದರು. ಯಾವುದು ಎಲ್ಲಿ ಕೂರಬೇಕೆಂದು ಸಹಾಯಕರಿಗೆ ತಿಳಿಯಲು ಇಂಥ ಚಿತ್ರ ಬೇಕಾಯಿತು. ಇಲ್ಲಿ ದೂರದ್ದು ಚಿಕ್ಕದಾಗುವುದಿಲ್ಲ. ಕಟ್ಟಕಡೆಯ ಕೋಣೆಯ 10 ಅಡಿಯೂ ಬಾಗಿಲ ಬಳಿಯ 10 ಅಡಿಯೂ ಒಂದೇ ಉದ್ದ. ಯಾವ ಕಣ್ಣೂ ಜಗತ್ತನ್ನು ಹೀಗೆ ಕಾಣದು. ಅದಕ್ಕೇ ಇರಬೇಕು, ನೋಡುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯದು.

ನಾನು ಬಳಸುವುದು ಬ್ರಿಟನ್ನಿನ ಪ್ರೊಫ್ಯಾಂಟಸಿಯವರ 'ಕ್ಯಾಂಪೇನ್ ಕಾರ್ಟೊಗ್ರಾಫರ್' ಎಂಬ ನಕ್ಷೆ ಬರೆಯುವ ಸಾಫ್ಟ್‌ವೇರ್. ಐಸೊಮೆಟ್ರಿಕ್ ನಕ್ಷೆಗೆಂದೇ ಅದಕ್ಕೆ 'ಪರ್ಸ್ಪೆಕ್ಟಿವ್ಸ್' ಎಂಬ ಜೋಡಣೆ ಇದೆ. ಹೊರಗೆ ಫ್ಯಾಂಟಸಿ, ಒಳಗಿನ ಎಲುಬು ಪೂರ್ತಿ ಕ್ಯಾಡ್, ಅಂದರೆ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಪದ್ಧತಿ. ಒಂದು ಕಂಬ ಅಳಿಸಬೇಕಾದರೆ ಮೊದಲು 'ಅಳಿಸು' ಎನ್ನಬೇಕು, ಆಮೇಲೆ ಕಂಬವನ್ನು ತೋರಿಸಬೇಕು, ಕೊನೆಗೆ ಮೌಸಿನ ಬಲಗುಂಡಿ ಒತ್ತಿ 'ಡೂ ಇಟ್' ಎಂದು ಅಪ್ಪಣೆ ಕೊಡಬೇಕು. ಕ್ರಿಯಾಪದ ಮುಂದೆ, ಕರ್ಮ ಹಿಂದೆ. ಕನ್ನಡದ ವಾಕ್ಯಕ್ಕೆ ತಿರುಗುಮುರುಗು. ಮೊದಲ ತಿಂಗಳು ಕಂಬವನ್ನು ಒತ್ತಿ ಒತ್ತಿ, ಏನೂ ಆಗದೆ, ಸಾಫ್ಟ್‌ವೇರನ್ನೇ ಅಳಿಸುವ ಮನಸ್ಸಾಗಿತ್ತು.

ಇದರ ಪರದೆಯಲ್ಲಿ ಆಮೇಲೆ ಬರೆದದ್ದು ಮೊದಲು ಬರೆದದ್ದನ್ನು ಮುಚ್ಚುತ್ತದೆ. ಹಾಗಾಗಿ ಹಿಂದಿನ ಮೂಲೆಯಿಂದ ಶುರುಮಾಡಿ ಮುಂದಕ್ಕೆ ಬರಬೇಕು. ಅಜ್ಜಿ ಸಗಣಿ ಹಾಕಿ ನೆಲ ಸಾರಿಸುತ್ತಿದ್ದುದು ಹೀಗೆಯೇ: ಒಳಗಿನ ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬಂದು, ಹೊಸ್ತಿಲು ದಾಟಿ ಸೊಂಟ ನೆಟ್ಟಗೆ ಮಾಡುತ್ತಿದ್ದಳು. ಕ್ರಮ ತಪ್ಪಿದರೆ ನನ್ನ ನಕ್ಷೆಯಲ್ಲಿ ಹಿಂದಿನ ಪೆಟ್ಟಿಗೆ ಮುಂದಿನ ಕಂಬದ ಹೊಟ್ಟೆಯಿಂದ ಇಣುಕುತ್ತದೆ.

ಇಷ್ಟೆಲ್ಲ ಜೋಪಾನವಾಗಿ ಗೋಡೆ ಕಟ್ಟಿದ ಮೇಲೆ ನಿಜವಾದ ಕೆಲಸ: ಅದನ್ನು ಕೆಡವುವುದು. ನಾಲ್ಕೂ ಗೋಡೆ ಎದ್ದರೆ ಕೋಣೆಯೇ ಕಾಣದು. ಹಿಂದಿನ ಎರಡನ್ನು ಪೂರ್ತಿ ಉಳಿಸಿ ಮುಂದಿನ ಎರಡನ್ನು ಮೊಣಕಾಲೆತ್ತರಕ್ಕೆ ಕತ್ತರಿಸುವುದು ವಾಡಿಕೆ. ಕಡಿದ ಕಲ್ಲಿನ ಮೇಲ್ಮೈಗೆ ಗಾಢ ಬಣ್ಣ ತುಂಬಿದರೆ ಇದು ಪಾಳುಗೋಡೆಯಲ್ಲ, ನಿಮಗಾಗಿ ತೆಗೆದದ್ದು ಎಂದು ಕಣ್ಣಿಗೆ ತಿಳಿಯುತ್ತದೆ. ಆದರೆ ಗುಪ್ತ ಬಾಗಿಲು ಮುಂದಿನ ಗೋಡೆಯಲ್ಲೇ ಇದ್ದರೆ? ಆಗ ಬಾಗಿಲಿನ ಅಗಲದಷ್ಟೇ ಕಲ್ಲು ಉಳಿಸಿ ಆಚೀಚೆ ಕೆಡವುತ್ತೇನೆ. ಕೆಲವೊಮ್ಮೆ ಗೋಡೆ ತೆಗೆಯಲು ಮನಸ್ಸು ಬಾರದೆ ಇಡೀ ಕೋಣೆಯನ್ನೇ ತಿರುಗಿಸಿದ್ದಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿರುವ ಚಕ್ರವ್ಯೂಹದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ವ್ಯೂಹದ ಸುತ್ತುಗಳು ಮೇಲಿನಿಂದ ಕಂಡಂತೆ, ಯೋಧರು ಪಕ್ಕದಿಂದ ಕಂಡಂತೆ. ಯಾವುದನ್ನು ಯಾವ ಕಡೆಯಿಂದ ತೋರಿಸಬೇಕೆಂದು ನಾನು ಮೂರು ಸಂಜೆ ಒದ್ದಾಡುವ ತಕರಾರನ್ನು ಆ ಶಿಲ್ಪಿ ಕ್ಯಾರೇ ಎನ್ನದೆ ದಾಟಿಬಿಟ್ಟಿದ್ದಾನೆ.

ಐಸೊಮೆಟ್ರಿಕ್ ಚಿತ್ರದಲ್ಲಿ ಒಂದು ಮೋಸವೂ ಇದೆ. ಒಂದು ಅಳತೆ ಮೇಲೆತ್ತಿದ ಕಟ್ಟೆಯೂ, ಕರ್ಣದ ದಿಕ್ಕಿನಲ್ಲಿ ಒಂದು ಚೌಕ ಹಿಂದೆ ಸರಿದ ಕಟ್ಟೆಯೂ ಪರದೆಯಲ್ಲಿ ಒಂದೇ ಜಾಗಕ್ಕೆ ಬೀಳುತ್ತವೆ. ಎಸ್ಚರ್ 1960ರಲ್ಲಿ ಬರೆದ, ಎಷ್ಟು ಹತ್ತಿದರೂ ಹೊರಟಲ್ಲಿಗೇ ಬರುವ ಮೆಟ್ಟಿಲಿನ ಚಿತ್ರ ಬದುಕಿರುವುದೂ ಎತ್ತರದ ವಿಷಯದಲ್ಲಿ ಕಣ್ಣು ಹೀಗೆ ಮೋಸಹೋಗುವುದರಿಂದಲೇ. ನಾನು ಮಾತ್ರ ಬೇಕೆಂದು ಮಾಡಿದ್ದಲ್ಲ. "ಚಿಕ್ಕಪ್ಪಾ, ಈ ಸೇತುವೆ ಮೇಲಿದೆಯೋ, ಹಿಂದಿದೆಯೋ?" ಎಂದು ಆಟಕ್ಕೆ ಕೂತಿದ್ದ ಅಣ್ಣನ ಮಗ ಕೇಳಿದ. ಹಗ್ಗ ಎಸೆಯಬೇಕೋ ನಡೆದುಹೋಗಬೇಕೋ ಎಂದು ನಾಲ್ವರು ಆಟಗಾರರು ಅರ್ಧ ಗಂಟೆ ಜಗಳಾಡಿದರು. ಅಂದಿನಿಂದ ಸೇತುವೆಯ ಕೆಳಗೆ ನೆರಳು ಹಾಕದೆ ನಾನು ಮಲಗುವುದಿಲ್ಲ.

ಆಟದ ದಿನ ನಕ್ಷೆಗೆ ಕಪ್ಪು ಮುಸುಕು ಹಾಕಿ, ಆಟಗಾರರು ಹೋದ ಕೋಣೆಯನ್ನಷ್ಟೇ ತೆರೆಯುತ್ತೇನೆ. ಮಾಂತ್ರಿಕನ ಗ್ರಂಥಾಲಯಕ್ಕೆ ಮೂರು ರಾತ್ರಿ ಕೂತಿದ್ದೆ. ಒಂಬತ್ತು ಕಪಾಟು, ಒರಗಿದ ಏಣಿ, ಅರ್ಧ ಉರಿದ ಮೇಣದಬತ್ತಿ. ಹುಡುಗರು ಬಾವಿಯ ಬಳಿ ಎಡಕ್ಕೆ ತಿರುಗಬೇಕಿತ್ತು. ಬಲಕ್ಕೆ ತಿರುಗಿ, ನಿಧಿ ಹೊಡೆದುಕೊಂಡು ಮನೆಗೆ ಹೋದರು.

ಆ ಕೋಣೆಯನ್ನು ಈವರೆಗೆ ನೋಡಿರುವುದು ಅಮ್ಮ ಒಬ್ಬಳೇ. ಖಾಲಿ ಲೋಟ ಎತ್ತಿಕೊಳ್ಳಲು ಬಂದವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇಷ್ಟು ಪುಸ್ತಕದ ಧೂಳು ಹೊಡೆಯೋರು ಯಾರಪ್ಪಾ?" ಎಂದಳು.