ಬ್ಯಾಕ್ಟೀರಿಯಾಕ್ಕೆ ಬಾಲ ಬಂದ ರಾತ್ರಿ

2021ರ ಲಾಕ್‌ಡೌನ್. ಹಾಸ್ಟೆಲ್ ಮುಚ್ಚಿದ್ದರಿಂದ ಹೊಳಲ್ಕೆರೆ ಪಕ್ಕದ ನಮ್ಮ ತೋಟದ ಮನೆಗೆ ಬಂದಿದ್ದೆ. ನನ್ನ ಪಿಎಚ್.ಡಿ. ದಾಳಿಂಬೆಯ ದುಂಡಾಣು ಅಂಗಮಾರಿಯ ಮೇಲೆ. (ಹೊಸದುರ್ಗ, ಹಿರಿಯೂರು ಕಡೆ ಗಿಡ ಕಿತ್ತು ಹಾಕಿದವರು ಆ ರೋಗದ ಬಗ್ಗೆ ನನಗಿಂತ ಚೆನ್ನಾಗಿ ಹೇಳಿಯಾರು.) ಲ್ಯಾಬ್ ಇಲ್ಲದೆ ಮಾಡಬಹುದಾದ ಕೆಲಸ ಒಂದೇ ಉಳಿದಿತ್ತು: ರೋಗ ತರುವ ಝ್ಯಾಂಥೊಮೊನಾಸ್ ಮತ್ತದರ ದಾಯಾದಿಗಳ ಗೈರ್‌ಬಿ ಜೀನ್‌ನ ಡಿಎನ್‌ಎ ಸರಣಿಗಳನ್ನು ಅಮೆರಿಕದ ಎನ್‌ಸಿಬಿಐ ಭಂಡಾರದಿಂದ ತರಿಸಿ ವಂಶವೃಕ್ಷ ಕಟ್ಟುವುದು.

ಅದಕ್ಕೆ ಇ-ಯುಟಿಲಿಟೀಸ್ ಎಂಬ ವೆಬ್ ಸೇವೆಯಿದೆ. ವಿಳಾಸದ ಸಾಲಿನಲ್ಲೇ ಭಂಡಾರದ ಹೆಸರು, ಸರಣಿಯ ನಂಬರು, ಬೇಕಾದ ನಮೂನೆ ಬರೆದು ಕಳಿಸಿದರೆ ಸರಣಿ ಬಂದು ಬೀಳುತ್ತದೆ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಗೀಚಿದೆ. 1,100 ನಂಬರು, ಒಂದೊಂದಕ್ಕೂ ಒಂದು ಕೋರಿಕೆ, ಏಕಕಾಲಕ್ಕೆ ಹತ್ತು. ನಿಯಮದ ಪುಟ ಓದಲಿಲ್ಲ. ನಮ್ಮಲ್ಲಿ ದೊಡ್ಡ ಕೆಲಸಕ್ಕೆಲ್ಲ ರಾತ್ರಿಯೇ ಹೊತ್ತು. ತ್ರೀಫೇಸ್ ಬರುವುದು ಆಗ, ಅಡಿಕೆಗೆ ನೀರು ಬಿಡುವುದೂ ಆಗ. ಹತ್ತು ಗಂಟೆಗೆ ಅಪ್ಪ ಬ್ಯಾಟರಿ ಹಿಡಿದು ಮೋಟಾರು ಹಾಕಲು ಹೋದರು, ನಾನು ಸ್ಕ್ರಿಪ್ಟ್ ಓಡಿಸಿ ಮಲಗಿದೆ.

ಬೆಳಿಗ್ಗೆ ಎಣಿಸಿದರೆ 1,100 ಫೈಲುಗಳೂ ಇದ್ದವು. ಎಲ್ಲ ಒಂದಕ್ಕೊಂದು ಸೇರಿಸಿ, ಸರಣಿಗಳಲ್ಲಿ ಎ, ಟಿ, ಜಿ, ಸಿ ಬಿಟ್ಟು ಮಿಕ್ಕದ್ದನ್ನು ಉದುರಿಸುವ ಜರಡಿಯನ್ನೂ ಬರೆದು ಜಾಣನೆನಿಸಿಕೊಂಡೆ. ಆಗ ಕಂಡದ್ದು ಬಾಲ. ಎಷ್ಟೋ ತಳಿಗಳ ಕೊನೆಯಲ್ಲಿ ಎಎಟಿಟಿಸಿಎಸಿಟಿಟಿ, ಕೆಲವದರಲ್ಲಿ ಅದೇ ನಾಲ್ಕೈದು ಸಲ. ಯಾರೂ ಕಾಣದ್ದನ್ನು ಕಂಡೆನೆಂದು ಎದೆ ಹೊಡೆದುಕೊಂಡಿತು. ಗೈಡ್‌ಗೆ ಎರಡು ಪುಟ ಬರೆದೆ. ‘ಹೊಸ ಬಗೆಯ ಪುನರಾವರ್ತನೆ’ ಎಂಬ ಮಾತೂ ಅದರಲ್ಲಿತ್ತು; ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೇಡಂ ಫೋನು ಮಾಡಿ ಕೇಳಿದ್ದು ಒಂದೇ: “ಮೂಲ ಫೈಲು ತೆಗೆದು ನೋಡಿದ್ಯಾ?”

ತೆಗೆದೆ. ನಾನೂರಕ್ಕೂ ಹೆಚ್ಚು ಫೈಲುಗಳಲ್ಲಿ ಸರಣಿಯೇ ಇಲ್ಲ, ಒಂದೇ ಸಾಲು, ಅದರೊಳಗೆ ‘ಎಪಿಐ ರೇಟ್ ಲಿಮಿಟ್ ಎಕ್ಸೀಡೆಡ್’ ಎಂಬ ವಾಕ್ಯ. ನಿಧಾನ ಮಾರಾಯ ಎಂದು ಸರ್ವರ್ ಹೇಳಿದ್ದನ್ನು ನಾನು ಡಿಎನ್‌ಎ ಎಂದು ಕಟ್ಟಿಟ್ಟಿದ್ದೆ. ಸರಣಿ ಶುರುವಾಗುವಲ್ಲಿ ಇರಬೇಕಾದ ಶಿರೋನಾಮೆಯ ಗುರುತಿಲ್ಲದ ಆ ಸಾಲು ಹಿಂದಿನ ಬ್ಯಾಕ್ಟೀರಿಯಾದ ತುದಿಗೆ ಅಂಟಿಕೊಂಡಿತ್ತು. ಜರಡಿ ಆ ಇಂಗ್ಲಿಷ್ ವಾಕ್ಯದಲ್ಲಿ ಉಳಿಸಿದ್ದು ಎರಡು ಎ, ಎರಡು ಟಿ, ಒಂದು ಸಿ. ಸಾಲಿನ ಉಳಿದ ಪದಗಳಿಂದ ಇನ್ನು ನಾಲ್ಕು ಅಕ್ಷರ.

ಆಮೇಲೆ ನಿಯಮ ಓದಿದೆ. ಕೀ ಇಲ್ಲದವರಿಗೆ ಸೆಕೆಂಡಿಗೆ 3 ಕೋರಿಕೆ, ಪುಕ್ಕಟೆ ಸಿಗುವ ಕೀ ಇದ್ದರೆ 10. ನಂಬರುಗಳ ಪಟ್ಟಿಯನ್ನು ಒಟ್ಟಿಗೆ ಕಳಿಸಿದರೆ ಸರ್ವರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನೂರು ನೂರಾಗಿ ತರಿಸಬಹುದು. ದೊಡ್ಡ ಕೆಲಸವಿದ್ದರೆ ವಾರಾಂತ್ಯದಲ್ಲಿ, ಇಲ್ಲವೇ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9ರಿಂದ ಬೆಳಗಿನ 5ರೊಳಗೆ ಮಾಡಿಕೊಳ್ಳಿ ಎಂಬ ವಿನಂತಿ. ಬೇಸಿಗೆಯಲ್ಲಿ ಅದು ನಮ್ಮ ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡೂವರೆ. ನಾನು ಹೊರಟಿದ್ದ ರಾತ್ರಿ ಹತ್ತು ಅವರಿಗೆ ನಡುಹಗಲು ಹನ್ನೆರಡೂವರೆ.

ಮರುದಿನ ಏಳಕ್ಕೆ ಕೀ ಹಾಕಿ ಕೂತೆ. ಪ್ರತಿ ಉತ್ತರದ ಮೊದಲ ಅಕ್ಷರ ಶಿರೋನಾಮೆಯ ಗುರುತೇ ಎಂದು ನೋಡಿಯೇ ಉಳಿಸುವಂತೆ ಸ್ಕ್ರಿಪ್ಟ್ ತಿದ್ದಿದ್ದೆ. ಕಾಫಿ ಆರುವುದರೊಳಗೆ ಎಲ್ಲ ಬಂತು. ತೋಟದಿಂದ ಬಂದ ಅಪ್ಪ ಕೆಸರುಗಾಲು ತೊಳೆಯುತ್ತ, “ಏನ್ಲಾ, ಇಷ್ಟೊತ್ತಿಗೇ ಕುಂತೀಯ?” ಅಂದರು.

“ಅಲ್ಲೀಗ ರಾತ್ರಿ, ಅಪ್ಪಾ.”

“ಹಂಗಾದ್ರೆ ಅವರಿಗೆ ಈಗ ತ್ರೀಫೇಸು ಅನ್ನು.”