ಎರಡಕ್ಷರದ ತಪ್ಪು

ಅರಭಾವಿಯಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿವೇತನಕ್ಕಾಗಿ ನಾನು ಇಂಗ್ಲಿಷಿನಲ್ಲಿ ಅರ್ಜಿಯೊಂದನ್ನು ಬರೆದೆನು. ತಂದೆಯವರು ಕಬ್ಬಿನ ಹೊಲದಲ್ಲಿ ಕಷ್ಟಪಟ್ಟು ದುಡಿಯುವರೆಂಬುದೇ ನನ್ನ ಆಶಯ. ‘ಹಾರ್ಡ್’ ನಾಮವಿಶೇಷಣ, ಅದು ಕ್ರಿಯಾವಿಶೇಷಣವಾಗಲು ‘ಲಿ’ ಸೇರಬೇಕೆಂದು ಬಗೆದು ‘ಹಾರ್ಡ್‌ಲಿ’ ಎಂದು ಬರೆದೆನು. ಗುರುಗಳು ಓದಿ, “ತಮ್ಮಾ, ನಿಮ್ಮಪ್ಪನ ದುಡಿತ ಅಷ್ಟಕ್ಕಷ್ಟೇ ಅಂತ ಬರದೀಯಲ್ಲೋ!” ಎಂದರು. ರಾತ್ರಿಯೆಲ್ಲ ಕಬ್ಬಿಗೆ ನೀರು ಹಾಯಿಸಿ ಅಪ್ಪ ಅಂದು ಬೆಳಿಗ್ಗೆಯೇ ಮನೆಗೆ ಬಂದಿದ್ದನು. ನಾನು ತಲೆ ತಗ್ಗಿಸಿದೆನು.

ನಮ್ಮ ಕನ್ನಡದಲ್ಲಿ ‘ಗಟ್ಟಿಯಾದ ನೆಲ’, ‘ಗಟ್ಟಿಯಾಗಿ ಹಿಡಿ’ ಎನ್ನುವೆವು. ‘ಆದ’ವು ನಾಮವನ್ನೂ ‘ಆಗಿ’ಯು ಕ್ರಿಯೆಯನ್ನೂ ಬಹುಮಟ್ಟಿಗೆ ತೋರಿಸುವವು. ಇಂಗ್ಲಿಷಿನ ‘ಲಿ’ಯನ್ನು ಹಾಗೆ ನಂಬಲಾಗದು. ‘ಫ್ರೆಂಡ್‌ಲಿ’ ನಾಮವಿಶೇಷಣವೇ ಸರಿ. ಹಳೆಯ ಇಂಗ್ಲಿಷಿನಲ್ಲಿ ಇಂಥ ಕ್ರಿಯಾವಿಶೇಷಣಗಳ ಕೊನೆಗೆ ಎಕಾರವಿದ್ದಿತು. ಅದು ಸವೆದುಹೋಗಲು ‘ಹಾರ್ಡ್’, ‘ಫಾಸ್ಟ್’ ಮೊದಲಾದವು ಎರಡು ಕೆಲಸಕ್ಕೂ ಒಂದೇ ರೂಪದಲ್ಲಿ ಉಳಿದವು. ಆದುದರಿಂದ ಪದದ ಬಾಲವನ್ನು ನೋಡದೆ ಅದರ ಕೆಲಸವನ್ನು ನೋಡಬೇಕು: ‘ಎಂತಹ?’ ಎಂಬುದಕ್ಕೆ ಉತ್ತರವೋ, ‘ಹೇಗೆ?’ ಎಂಬುದಕ್ಕೋ?

ಆ ಎರಡಕ್ಷರಗಳನ್ನು ಹೊಡೆದುಹಾಕಿ ಅರ್ಜಿಯನ್ನು ಕಳುಹಿದೆನು. ಓದುಬರೆಹವರಿಯದ ಅಪ್ಪನಿಗೆ ಈ ಸಂಗತಿಯನ್ನು ಮಾತ್ರ ನಾನು ಎಂದೂ ಹೇಳಲಿಲ್ಲ.