ರೈಲು ಕೂಗದ ಬೇಸಿಗೆ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಆಗ ಗಡಿಯಾರ ನೋಡಿ ಬದುಕುವವರು ಕಡಿಮೆ. ಬೆಳಗಿನ ಜಾವದ ಮೈಲು ಕೂಗಿದರೆ ಒಲೆ ಹಚ್ಚುವ ಹೊತ್ತು. ಹಾಸನದ ಪ್ಯಾಸೆಂಜರ್ ಹೊರಟರೆ ಮಕ್ಕಳು ಸ್ಕೂಲಿಗೆ ಓಡುವ ಹೊತ್ತು. ರಾತ್ರಿ ಗೂಡ್ಸ್ ಗಾಡಿಯ ಶಂಟಿಂಗ್ ಸದ್ದು ಶುರುವಾದರೆ ದೀಪ ಆರಿಸುವ ಹೊತ್ತು. ಗಾಡಿ ತಡವಾದ ದಿನ ಕಾಲೊನಿಯ ಹತ್ತು ಮನೆಗಳಲ್ಲಿ ಅನ್ನವೂ ತಡ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮೀಟರ್ ಗೇಜ್ ಹಳಿಯಿಂದ ಹಾಸನ, ಮೈಸೂರಿನ ಕಡೆಗೆ ಇನ್ನೊಂದು ಹಳಿ ಕವಲೊಡೆಯುತ್ತಿದ್ದುದು ಇಲ್ಲೇ. ಹೀಗಾಗಿ ಹಗಲು ರಾತ್ರಿ ಎನ್ನದೆ ಕಲ್ಲಿದ್ದಲ ಎಂಜಿನ್ನುಗಳ ಉಸಿರಾಟ. ಹೊಸದಾಗಿ ಬಂದ ನೆಂಟರು ಮೊದಲ ರಾತ್ರಿ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದರು. ಕಾಲೊನಿಯ ಮಕ್ಕಳಿಗೆ ಮಾತ್ರ ಅದೇ ಜೋಗುಳ.

1974ರ ಮೇ 8ರಂದು ಆ ಸದ್ದು ನಿಂತಿತು.

ಆ ಹುಡುಗನಿಗೆ ಆಗ 15 ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿ, ರಿಸಲ್ಟಿನ ಭಯವನ್ನು ಆಟದಲ್ಲಿ ಮರೆಯುತ್ತಿದ್ದ ಬೇಸಿಗೆ ರಜೆ. ಅಪ್ಪ ಎಂಜಿನ್ನಿನಲ್ಲಿ ಫೈರ್‌ಮನ್. ಪಕ್ಕದ ಮನೆಯವರು ಅದೇ ಎಂಜಿನ್ನಿನ ಡ್ರೈವರ್. ಎರಡು ಮನೆಗೂ ನಡುವೆ ಒಂದೇ ಗೋಡೆ. ಇವನು ಅವರನ್ನು ಕರೆಯುತ್ತಿದ್ದುದು ಡ್ರೈವರ್ ಮಾವ ಎಂದು. ಅವರ ಮಗ ಇವನ ಓರಗೆಯವನು, ಒಂದನೆಯ ತರಗತಿಯಿಂದ ಒಂದೇ ಬೆಂಚು. ಅದೇ ವರ್ಷ ಕರ್ನಾಟಕ, ಸತತ 15 ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಹಿಂದೆ ಹಾಕಿ, ಮೊದಲ ಸಲ ಟ್ರೋಫಿ ಗೆದ್ದಿತ್ತು. ಆದ್ದರಿಂದ ಗೂಡ್ಸ್ ಶೆಡ್ಡಿನ ಹಿಂದಿನ ಬಯಲಿನಲ್ಲಿ ಇವನು ಚಂದ್ರಶೇಖರ್, ಗೆಳೆಯ ಪ್ರಸನ್ನ. ಬ್ಯಾಟು ತೆಂಗಿನ ಮಟ್ಟೆಯದು. ಅರಸೀಕೆರೆಯಲ್ಲಿ ಅದಕ್ಕೇನು ಬರ! ಇಬ್ಬರೂ ಸೇರಿ ಮಾಡಿದ್ದ ದೊಡ್ಡ ಯೋಜನೆಯೆಂದರೆ ಪಾಸಾದ ಮೇಲೆ ಒಂದೇ ಗಾಡಿ ಹತ್ತಿ ಮೈಸೂರಿಗೆ ಹೋಗುವುದು, ಒಂದೇ ರೂಮು ಮಾಡಿ ಪಿಯುಸಿ ಓದುವುದು.

ಅಪ್ಪ ಎಂದರೆ ಹುಡುಗನಿಗೆ ಹಗಲು ಹೊತ್ತು ಮಲಗಿರುವ ಮನುಷ್ಯ. ‘ಸದ್ದು ಮಾಡಬೇಡ, ಅಪ್ಪ ಮಲಗವ್ರೆ’ ಎಂಬುದೇ ಆ ಮನೆಯಲ್ಲಿ ಅಮ್ಮ ಅತಿ ಹೆಚ್ಚು ಸಲ ಆಡಿದ ಮಾತಿರಬೇಕು. ಅಪರಾತ್ರಿಯಲ್ಲಿ ಕಾಲ್‌ಬಾಯ್ ಲಾಟೀನು ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದ. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದ. ಅಮ್ಮ ಅಕ್ಕಿ, ಬೇಳೆ, ಖಾರದ ಪುಡಿ, ಉಪ್ಪಿನಕಾಯಿಯನ್ನು ತಗಡಿನ ಲೈನ್ ಬಾಕ್ಸಿಗೆ ತುಂಬುತ್ತಿದ್ದಳು. ಊರಾಚೆಯ ರನ್ನಿಂಗ್ ರೂಮಿನಲ್ಲಿ ಅವರೇ ಬೇಯಿಸಿಕೊಂಡು ಉಣ್ಣಬೇಕು. ಡ್ರೈವರ್ ಮಾವ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಾ ಕಾಯುವುದು, ಅಪ್ಪ ಹೋಗಿ ಸೇರುವುದು, ಇಬ್ಬರೂ ಮಾತಿಲ್ಲದೆ ಕತ್ತಲಲ್ಲಿ ನಡೆಯುವುದು. ಮತ್ತೆ ಅಪ್ಪನ ಮುಖ ಕಾಣುವುದು ಯಾವಾಗ ಎಂಬುದನ್ನು ಯಾರೂ ಹೇಳುವಂತಿರಲಿಲ್ಲ. ಎಂಜಿನ್ನು ಹತ್ತಿದವನ ಕೆಲಸ ಹನ್ನೆರಡು ಗಂಟೆಗೆ ಮುಗಿದರೆ ಪುಣ್ಯ. ದಾರಿಯಲ್ಲಿ ಗಾಡಿ ನಿಂತರೆ ಅದೂ ಮೀರುತ್ತಿತ್ತು. ಅಷ್ಟು ಹೊತ್ತೂ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಬೆಂಕಿಗೆ ಹಾಕುತ್ತಿರಬೇಕು.

ಎಂಜಿನ್ ಸಿಬ್ಬಂದಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಬೋನಸ್ಸು, ಸರ್ಕಾರಿ ಕಾರ್ಖಾನೆಗಳವರಿಗೆ ಸಮನಾದ ಸಂಬಳ. ಮುಷ್ಕರದ ಬೇಡಿಕೆಗಳಲ್ಲಿ ಮುಖ್ಯವಾದವು ಇವು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರನ್ನು ಮೇ 2ರಂದೇ ಬಂಧಿಸಲಾಗಿತ್ತು. ಆದರೂ ಮೇ 8ರಂದು ದೇಶದ ಸುಮಾರು 17 ಲಕ್ಷ ರೈಲ್ವೆ ನೌಕರರು ಮುಷ್ಕರಕ್ಕೆ ಇಳಿದರು. ಪೊಲೀಸರು ಮನೆಗೆ ಬರುತ್ತಾರೆಂದು ಅಪ್ಪ ಹಿಂದಿನ ರಾತ್ರಿಯೇ ಕಂಬಳಿ ಹೊದ್ದು ಹೊರಟುಹೋಗಿದ್ದ. ತಿಪಟೂರು ರಸ್ತೆಯ ಕಡೆ ಪರಿಚಯದವರದ್ದೊಂದು ತೆಂಗಿನ ತೋಟ, ಅದರ ಪಂಪ್‌ಹೌಸಿನಲ್ಲಿ ವಾಸ.

ಮೊದಲ ರಾತ್ರಿ ಕಾಲೊನಿಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ಅಷ್ಟು ನಿಶ್ಶಬ್ದದಲ್ಲಿ ಮಲಗಿ ಯಾರಿಗೂ ಅಭ್ಯಾಸವಿರಲಿಲ್ಲ. ಕೆರೆ ಕಡೆಯ ಕಪ್ಪೆಗಳ ಸದ್ದು ಮನೆಯೊಳಗೆ ಕೇಳಿಸಿತು. ‘ಇಷ್ಟು ದಿನ ಇವು ಎಲ್ಲಿದ್ದವು?’ ಎಂದು ಅಮ್ಮ ಕತ್ತಲಲ್ಲೇ ಕೇಳಿದ್ದು ಹುಡುಗನಿಗೆ ನೆನಪಿದೆ.

ಎರಡು ದಿನಕ್ಕೊಮ್ಮೆ ಟಿಫಿನ್ ಕ್ಯಾರಿಯರ್ ಹಿಡಿದು ತೋಟಕ್ಕೆ ಹೋಗುವ ಕೆಲಸ ಅವನದು. ಪೊಲೀಸರು ಹುಡುಗರನ್ನು ತಡೆಯುವುದಿಲ್ಲ ಎಂಬ ಲೆಕ್ಕ. ಅಪ್ಪನ ಜೊತೆ ಹೀಗೆ ಗಂಟೆಗಟ್ಟಲೆ ಕೂತಿದ್ದು ಅದೇ ಮೊದಲು. ಅಪ್ಪ ಬಾವಿಯಲ್ಲಿ ಈಜು ಕಲಿಸಿದ. ಎಳನೀರು ಕೆತ್ತಿ ಕೊಟ್ಟ. ಕಲ್ಲಿದ್ದಲನ್ನು ಬೆಂಕಿಗೂಡಿನ ಮೂಲೆಮೂಲೆಗೆ ತೆಳ್ಳಗೆ ಹರಡುವುದು ಹೇಗೆಂದು ಗುದ್ದಲಿ ಹಿಡಿದು ತೋರಿಸಿದ. ಒಂದೇ ಕಡೆ ಸುರಿದರೆ ಹೊಗೆ ಬರುತ್ತದೆಯೇ ಹೊರತು ಹಬೆ ಏಳುವುದಿಲ್ಲವಂತೆ. ರಾತ್ರಿಯೆಲ್ಲ ನಿದ್ದೆ ಮಾಡಿ ಅಪ್ಪನ ಕಣ್ಣಿನ ಕೆಂಪು ಇಳಿದಿತ್ತು. ಸಂಬಳವಿಲ್ಲದ, ಅಂಗಡಿಯ ಸಾಲ ಏರುತ್ತಿದ್ದ ಆ ದಿನಗಳೇ ತನ್ನ ಬಾಲ್ಯದ ಅತಿ ಸುಖದ ದಿನಗಳು ಎಂದು ಹೇಳಲು ಆತನಿಗೆ ಈಗಲೂ ಸಂಕೋಚ. ಅಮ್ಮನನ್ನು ಕೇಳಿದ್ದರೆ ಬೇರೆಯೇ ಕತೆ ಬರುತ್ತಿತ್ತು. ಅವಳ ಬಳೆ ಅಡವು ಅಂಗಡಿ ಸೇರಿದ್ದು ಅದೇ ವಾರ.

ಒಂಬತ್ತನೆಯ ದಿನ ಮಧ್ಯಾಹ್ನ ರೈಲು ಕೂಗಿತು.

ಎಲ್ಲ ಗಾಡಿಗಳೂ ಎಲ್ಲ ಕಡೆಯೂ ನಿಂತಿರಲಿಲ್ಲ, ನಿಜ. ಕೆಲಸಕ್ಕೆ ಬಂದವರನ್ನು ಕೂಡಿಸಿಕೊಂಡು ಅಲ್ಲಲ್ಲಿ ಒಂದೆರಡು ಓಡಿಸುತ್ತಿದ್ದರು. ಆದರೆ ಕಾಲೊನಿಯ ಬೇಲಿಯ ಪಕ್ಕ ಹಾಯ್ದ ಆ ಎಂಜಿನ್ನಿನಲ್ಲಿ, ಪೊಲೀಸರ ನಡುವೆ, ನಿಂತಿದ್ದವರು ಡ್ರೈವರ್ ಮಾವ. ಸೀರೆ ಸೆರಗು ಬಾಯಿಗೆ ಒತ್ತಿಕೊಂಡು ಹೆಂಗಸರು ನೋಡಿದರು. ಡ್ರೈವರ್ ಮಾವ ಯಾರ ಕಡೆಯೂ ತಿರುಗಲಿಲ್ಲ.

ಸಂಜೆ ನಲ್ಲಿಯ ಹತ್ತಿರ ಅವರ ಮನೆಯ ಬಿಂದಿಗೆಯನ್ನು ಸಾಲಿನಿಂದ ಹೊರಗೆ ಇಟ್ಟರು. ಆಟದ ಬಯಲಿನಲ್ಲಿ ಗೆಳೆಯ ಬಂದಾಗ ಹುಡುಗರು ಮಟ್ಟೆ ಬಿಸಾಕಿ ಮನೆಗೆ ಹೊರಟರು. ಇವನೂ ಹೊರಟ. ಅಷ್ಟಕ್ಕೆ ನಿಂತಿದ್ದರೆ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗ ಒಲೆಯ ಪಕ್ಕದಿಂದ ಒಂದು ಇದ್ದಿಲು ಎತ್ತಿಕೊಂಡು ಹೋಗಿ, ಪಕ್ಕದ ಮನೆಯ ಸುಣ್ಣದ ಗೋಡೆಯ ಮೇಲೆ, ಬಾಗಿಲಿನಷ್ಟೇ ಅಗಲಕ್ಕೆ, ‘ದ್ರೋಹಿ’ ಎಂದು ಬರೆದು ಬಂದ. ಹಾಸಿಗೆಯಲ್ಲಿ ಬಿದ್ದಾಗ ಎದೆ ಡವಗುಟ್ಟುತ್ತಿತ್ತು. ಹೆದರಿಕೆಗಲ್ಲ, ಹೆಮ್ಮೆಗೆ.

ಮೇ 18ರಂದು ತೋಟಕ್ಕೆ ಹೋದಾಗ ಅವನ ಬಳಿ ಎರಡು ಸುದ್ದಿಗಳಿದ್ದವು. ರಾಜಸ್ಥಾನದ ಪೋಖ್ರಾನಿನಲ್ಲಿ ಭಾರತ ಅಣು ಸ್ಫೋಟ ನಡೆಸಿದೆ ಎಂದು ರೇಡಿಯೋದಲ್ಲಿ ಬಂದಿತ್ತು. ಅಪ್ಪ ‘ಹೌದಾ’ ಎಂದು ರೊಟ್ಟಿ ಮುರಿದ. ಎರಡನೆಯದನ್ನು ಹುಡುಗ ಇನ್ನೂ ಉತ್ಸಾಹದಿಂದ ಹೇಳಿದ. ಅಪ್ಪ ರೊಟ್ಟಿಯನ್ನು ಕ್ಯಾರಿಯರಿಗೆ ವಾಪಸ್ಸು ಇಟ್ಟ.

‘ನೀನೇನಾ ಬರೆದಿದ್ದು?’

‘ಹೂಂ.’

ಅಪ್ಪ ಹೊಡೆಯಬಹುದು ಎಂದುಕೊಂಡಿದ್ದ. ಹೊಡೆಯಲಿಲ್ಲ. ಸುಮಾರು ಹೊತ್ತು ಬಾವಿಯ ಕಡೆ ನೋಡುತ್ತಾ ಕೂತು, ‘ಅಣ್ಣನ ಎಡಗೈ ಸುಟ್ಟ ಗಾಯ ನೋಡಿದೀಯಾ?’ ಎಂದು ಕೇಳಿದ. ನೋಡದೆ ಏನು? ಮೊಣಕೈವರೆಗೆ ಸುಕ್ಕುಗಟ್ಟಿದ ಚರ್ಮ. ಹುಟ್ಟಿದಾಗಿನಿಂದ ನೋಡಿದ್ದರಿಂದ ಯಾಕೆಂದು ಕೇಳಬೇಕೆಂದು ತೋಚಿರಲಿಲ್ಲ.

‘ನಾನು ಕೆಲಸಕ್ಕೆ ಸೇರಿದ ಹೊಸದು. ಗಾಳಿ ಎಳೆಯೋ ಹಬೆ ಬಿಟ್ಟಿದೆಯೋ ಇಲ್ಲವೋ ನೋಡದೆ ಬೆಂಕಿಗೂಡಿನ ಬಾಗಿಲು ತೆಗೆದುಬಿಟ್ಟೆ. ಬೆಂಕಿ ಹಿಂದಕ್ಕೆ ನುಗ್ಗಿತು. ಅಣ್ಣ ಅಡ್ಡ ಕೈ ಕೊಟ್ಟು ನನ್ನ ಹಿಂದಕ್ಕೆ ತಳ್ಳಿದರು. ಇಲ್ದಿದ್ರೆ ಈ ಮುಖ ನೀನು ನೋಡ್ತಿರಲಿಲ್ಲ.’

‘ಮತ್ತೆ ಅವರು ಕೆಲಸಕ್ಕೆ ಹೋಗಿದ್ದು ಸರಿನಾ?’

‘ತಪ್ಪು’ ಎಂದ ಅಪ್ಪ, ಒಂದು ಕ್ಷಣವೂ ತಡೆಯದೆ. ‘ನೂರು ಸಲ ತಪ್ಪು. ಎದುರಿಗೆ ಸಿಕ್ಕಿದರೆ ನಾನೇ ಹೇಳ್ತೀನಿ. ಮೂರು ಹೆಣ್ಣುಮಕ್ಕಳು, ದೊಡ್ಡವಳ ಮದುವೆ ಗೊತ್ತಾಗಿದೆ, ಮನೆಯಿಂದ ಹೊರಗೆ ಹಾಕ್ತೀವಿ ಅಂತ ಹೆದರಿಸಿರ್ತಾರೆ. ಆದರೂ ತಪ್ಪೇ. ಅದು ನನಗೂ ಅವರಿಗೂ ಇರೋ ಮಾತು. ರಾತ್ರಿ ಕದ್ದು ಹೋಗಿ ಗೋಡೆ ಮೇಲೆ ಬರೆಯೋಕೆ ನೀನ್ಯಾರು? ಹೋಗಿ ಅಳಿಸಿ ಬಾ.’

ಮಕ್ಕಳಿಗೆ ಸರಿ ತಪ್ಪು ಹೇಳಿಕೊಡುವುದು ಸುಲಭ ಎಂದುಕೊಂಡಿರುವ ತಂದೆ ತಾಯಂದಿರು ಅಪ್ಪನ ಆ ಮಾತನ್ನು ಒಮ್ಮೆ ಬಿಡಿಸಿ ನೋಡಬೇಕು. ಹದಿನೈದರ ಹುಡುಗನಿಗೆ ಅದು ಅರ್ಥವಾಗಲಿಲ್ಲ. ತಪ್ಪಾದ ಮೇಲೆ ತಪ್ಪೇ ತಾನೆ, ಬರೆದರೇನು ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದ.

ಮನೆ ಮುಟ್ಟುವ ಹೊತ್ತಿಗೆ ಗೋಡೆಯ ಬರಹ ಹೋಗಿತ್ತು. ಒದ್ದೆ ಬಟ್ಟೆಯಲ್ಲಿ ಯಾರೋ ತಿಕ್ಕಿದ್ದರು. ಇದ್ದಿಲು ಸುಣ್ಣದಲ್ಲಿ ಕಲಸಿ ಕಾಡಿಗೆಯಂತೆ ಹರಡಿತ್ತು. ನೋಡುತ್ತಾ ನಿಂತಿದ್ದಾಗ ಗೆಳೆಯ ಬಕೆಟ್ಟು ಹಿಡಿದು ಹೊರಗೆ ಬಂದ. ಬೈಯಲಿಲ್ಲ, ಜಗಳಕ್ಕೆ ಬರಲಿಲ್ಲ.

‘ನೀನು ರ ಒತ್ತು ಯಾವಾಗಲೂ ಹಂಗೇ ಉದ್ದಕ್ಕೆ ಎಳೀತೀಯ’ ಎಂದಷ್ಟೇ ಹೇಳಿ ಒಳಗೆ ಹೋದ.

ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ನೋಟ್ಸನ್ನು ಒಬ್ಬರು ನಕಲು ಮಾಡಿಕೊಂಡವರು. ಗುರುತು ಸಿಗದೆ ಇರುತ್ತದೆಯೇ? ಇವನಿಗೆ ಅದು ಹೊಳೆದೇ ಇರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮಾರನೆಯ ದಿನ ಹೇಳಬಹುದಿತ್ತು. ಅದರ ಮಾರನೆಯ ದಿನವೂ ಹೇಳಬಹುದಿತ್ತು. ಒಂದು ಗೋಡೆಯ ಆಚೆ ಗೆಳೆಯ ಕೆಮ್ಮಿದ್ದೂ ಕೇಳಿಸುತ್ತಿತ್ತು.

ಮೇ 27ರಂದು ಮುಷ್ಕರವನ್ನು ಹಿಂತೆಗೆದುಕೊಂಡರು. ಬೇಡಿಕೆ ಈಡೇರಿರಲಿಲ್ಲ. ರೈಲು ಮತ್ತೆ ಕೂಗಿದಾಗ ಕಾಲೊನಿಯಲ್ಲಿ ನಕ್ಕವರೂ ಇದ್ದರು, ಅತ್ತವರೂ ಇದ್ದರು. ದೇಶದ ಉದ್ದಗಲಕ್ಕೂ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಅಪ್ಪ ಅವರಲ್ಲೊಬ್ಬ.

ರಿಸಲ್ಟು ಬಂತು. ಪೇಪರಿನ ಪುಟದ ತುಂಬ ಸಾಲುಸಾಲು ನಂಬರುಗಳು. ಹುಡುಗ ತನ್ನ ನಂಬರಿಗಿಂತ ಮೊದಲು ಗೆಳೆಯನ ನಂಬರು ಹುಡುಕಿದ. ಎರಡೂ ಫಸ್ಟ್ ಕ್ಲಾಸಿನ ಪಟ್ಟಿಯಲ್ಲಿದ್ದವು. ಹೋಗಿ ಹೇಳುವಂತಿರಲಿಲ್ಲ.

ಕ್ವಾರ್ಟರ್ಸ್ ಬಿಡುವ ದಿನ ಎತ್ತಿನ ಗಾಡಿಗೆ ಸಾಮಾನು ಹೇರುತ್ತಿದ್ದಾಗ ಡ್ರೈವರ್ ಮಾವ ಹೊರಗೆ ಬಂದರು. ಅಪ್ಪನ ಲೈನ್ ಬಾಕ್ಸಿನ ಒಂದು ಹಿಡಿಯನ್ನು ಹಿಡಿದರು, ಇನ್ನೊಂದನ್ನು ಅಪ್ಪ. ಇಬ್ಬರೂ ಎತ್ತಿ ಗಾಡಿಯ ಮೇಲೆ ಇಟ್ಟರು. ಎದುರಿಗೆ ಸಿಕ್ಕಿದರೆ ಹೇಳುತ್ತೇನೆ ಎಂದಿದ್ದ ಅಪ್ಪ ಏನೂ ಹೇಳಲಿಲ್ಲ. ಗೆಳೆಯ ಹೊರಗೆ ಬರಲಿಲ್ಲ.

ಊರೊಳಗೆ ಒಂದು ಕೋಣೆಯ ಬಾಡಿಗೆ ಮನೆ. ಅಪ್ಪ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋದ. ಮೈಸೂರಿನ ಮಾತು ಆ ವರ್ಷ ಯಾರೂ ಎತ್ತಲಿಲ್ಲ. ಹುಡುಗ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆದ. ಒಂದು ವರ್ಷ ಕಳೆದು, 1975ರಲ್ಲಿ, ಕೂಡಿಟ್ಟ ಹಣದಲ್ಲಿ ಒಬ್ಬನೇ ಮೈಸೂರಿನ ಗಾಡಿ ಹತ್ತಿದ. ವರ್ಷ ಹಾಳಾಯಿತು ಎಂದು ಆಗ ಅತ್ತಿದ್ದುಂಟು. ಒಂದು ವರ್ಷಕ್ಕೆ ಈಗಿನ ಮನೆಗಳಲ್ಲಿ ಆಗುವ ರಂಪ ನೋಡಿದರೆ ಆತನಿಗೆ ಸ್ವಲ್ಪ ನಗುವೂ ಬರುತ್ತದೆ.

1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂತು. ಮಧು ದಂಡವತೆ ರೈಲ್ವೆ ಮಂತ್ರಿಯಾದರು. ಮುಷ್ಕರದಲ್ಲಿ ಕೆಲಸ ಹೋದವರನ್ನು ವಾಪಸ್ಸು ತೆಗೆದುಕೊಳ್ಳುವ ಆದೇಶವಾಯಿತು. ಮೂರು ವರ್ಷದ ಮೇಲೆ ಅಮ್ಮ ಅಟ್ಟದಿಂದ ಲೈನ್ ಬಾಕ್ಸ್ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದಳು.

ಮೊದಲ ಡ್ಯೂಟಿ ಅಪರಾತ್ರಿಯದು. ರಜೆಗೆ ಮನೆಗೆ ಬಂದಿದ್ದ ಮಗನಿಗೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ತೆಗೆದು ನೋಡಿದರೆ ಲಾಟೀನು ಹಿಡಿದು ನಿಂತಿದ್ದವನು ಕಾಲ್‌ಬಾಯ್ ಅಲ್ಲ, ಡ್ರೈವರ್ ಮಾವ. ತಲೆ ಪೂರ್ತಿ ಬೆಳ್ಳಗಾಗಿತ್ತು.

‘ಎದ್ದಿದಾನೇನೋ ನಿಮ್ಮಪ್ಪ? ಹೊರಡೋಕೆ ಹೇಳು, ಗಾಡಿ ಟೈಮಿಗಿದೆ’ ಎಂದರು, ನಿನ್ನೆಯಷ್ಟೇ ಬಂದು ಹೋದವರಂತೆ.

ಅಪ್ಪ ಒಳಗೆ ಅಂಗಿ ತೊಡುತ್ತಿದ್ದ. ಹೊಸ್ತಿಲ ಆಚೆ ಅವರು, ಈಚೆ ಇವನು. ಏನು ಓದುತ್ತಿದ್ದೀಯ, ಊಟಕ್ಕೆ ಎಲ್ಲಿ ಎಂದು ವಿಚಾರಿಸಿದರು. ಗೆಳೆಯನ ಹೆಸರೆತ್ತಿ ಕೇಳುವ ಧೈರ್ಯ ಇವನಿಗೆ ಬರಲಿಲ್ಲ. ಅವರೇ ಹೇಳಿದರು:

‘ನಮ್ಮವನು ಹುಬ್ಬಳ್ಳಿಯಲ್ಲಿದಾನೆ, ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ಸು. ಬೇಜಾರಂತೆ, ಯಾರೂ ಗುರುತಿನವರಿಲ್ಲವಂತೆ. ಒಂದು ಕಾಗದ ಬರಿ.’

ಲಾಟೀನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಸುಟ್ಟ ಕೈ ಬೆಳಕಿಗೆ ಬಂತು.

‘ಹೆಸರು ಹಾಕದಿದ್ದರೂ ನಡೆಯುತ್ತೆ. ನಿನ್ನ ಅಕ್ಷರ ಅವನಿಗೆ ಗೊತ್ತಾಗುತ್ತೆ.’

ಅಪ್ಪ ಬಾಕ್ಸ್ ಎತ್ತಿಕೊಂಡು ಹೊರಗೆ ಬಂದ. ಇಬ್ಬರೂ ಮಾತಿಲ್ಲದೆ ಸ್ಟೇಷನ್ನಿನ ಕಡೆ ನಡೆದರು. ಬೆಳಗ್ಗೆ ಅಂಚೆ ಕಚೇರಿ ತೆರೆಯುವ ಮೊದಲೇ ಮಗ ಅದರ ಮೆಟ್ಟಿಲ ಮೇಲೆ ಕೂತಿದ್ದ. ಕೊಂಡದ್ದು ಮೂರು ಕಾರ್ಡು. ಎರಡನ್ನು ಬರೆದು ಹರಿದು ಹಾಕಿದ.